ಲಾರಿ ಬಾಗಿಲು ಮುಚ್ಚುವ ಮೊದಲು

ಏಪ್ರಿಲ್ ಮುಗಿಯುತ್ತ ಬಂದಂತೆ ಅನೇಕ ಮನೆಗಳಲ್ಲಿ ಒಂದೇ ಮಾತು ಕೇಳಿಬರುತ್ತದೆ: ಶಾಲೆ ಶುರುವಾಗುವುದರೊಳಗೆ ಮನೆ ಬದಲಾಯಿಸಿಬಿಡಬೇಕು. ವರ್ಗಾವಣೆಯ ಆದೇಶ ಬರುವುದೂ ಆ ಹೊತ್ತಿಗೇ, ಮಕ್ಕಳಿಗೆ ರಜೆ ಇರುವುದೂ ಆಗಲೇ. ಅದರ ಮೇಲೆ ಆಷಾಢ ಕಾಲಿಡುವ ಮೊದಲೇ ಹೊಸ ಮನೆಯಲ್ಲಿ ಹಾಲು ಉಕ್ಕಿಸಬೇಕೆಂಬ ಹಿರಿಯರ ಒತ್ತಾಯ. ಹೀಗಾಗಿ ಮೇ ಕೊನೆಯ ವಾರದಲ್ಲಿ ಲಾರಿಗಳಿಗೆ ಎಲ್ಲಿಲ್ಲದ ಬೇಡಿಕೆ, ಬಾಡಿಗೆಯೂ ಅಷ್ಟೇ ದುಬಾರಿ. ಆಷಾಢದ ಬಗ್ಗೆ ಅಂಜಿಕೆ ಇಲ್ಲದವರಿಗೆ ಆ ತಿಂಗಳು ಲಾರಿ ಸುಲಭವಾಗಿ ಸಿಗುತ್ತದೆ. ಆದರೆ ಅಷ್ಟರಲ್ಲಿ ಶಾಲೆ ಶುರುವಾಗಿ ಒಂದು ತಿಂಗಳಾಗಿರುತ್ತದೆ.

ಹಿಂದೆ ಮನೆ ಬದಲಾಯಿಸುವುದೆಂದರೆ ಒಂದು ಮೆಟಡೋರ್, ನಾಲ್ಕು ಜನ ಗೆಳೆಯರು, ಒಂದಷ್ಟು ಗೋಣಿಚೀಲ ಮತ್ತು ಹಗ್ಗ. ಸಂಜೆ ಎಲ್ಲರಿಗೂ ಉಪ್ಪಿಟ್ಟು, ಚಹಾ ಕೊಟ್ಟರೆ ಲೆಕ್ಕ ಮುಗಿಯಿತು. ಈಗ ಆ ಕೆಲಸಕ್ಕೆ ಪ್ಯಾಕರ್ಸ್ ಅಂಡ್ ಮೂವರ್ಸ್ ಎಂಬ ಹೆಸರಿನ ಸಂಸ್ಥೆಗಳಿವೆ. ಅವರೇ ಬಂದು ಕಟ್ಟುತ್ತಾರೆ, ಸಾಗಿಸುತ್ತಾರೆ, ಇಳಿಸುತ್ತಾರೆ. ಅನುಕೂಲವೇನೋ ನಿಜ. ಆದರೆ ಗೆಳೆಯರೊಂದಿಗೆ ಬಾಯಿಮಾತಿನಲ್ಲಿ ನಡೆಯುತ್ತಿದ್ದ ವ್ಯವಹಾರ ಅಪರಿಚಿತರೊಂದಿಗೆ ಹಾಗೆ ನಡೆಯುವುದಿಲ್ಲ. ಇಲ್ಲಿ ಕಾಗದದಲ್ಲಿ ಬರೆದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ.

ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೊರಟ ಒಂದು ಕುಟುಂಬವನ್ನು ಉದಾಹರಣೆಗೆಂದು ಎದುರಿಗಿಟ್ಟುಕೊಂಡು ನೋಡೋಣ. ತಂದೆ ಬ್ಯಾಂಕ್ ನೌಕರ. ಮಗಳು ಆಗಷ್ಟೇ ಎಸ್ಸೆಸ್ಸೆಲ್ಸಿ ಮುಗಿಸಿದ್ದಾಳೆ, ಮಗ ಆರನೆಯ ತರಗತಿ ಪಾಸಾಗಿದ್ದಾನೆ. ಜೊತೆಗೆ ಅಜ್ಜಿ, ಅಜ್ಜಿಯ ಉಪ್ಪಿನಕಾಯಿ ಭರಣಿಗಳು ಮತ್ತು ಐವತ್ತು ವರ್ಷದ ಹಳೆಯ ಒಳ್ಳು. ಬೆಂಗಳೂರಿನಲ್ಲಿ ಗೊತ್ತು ಮಾಡಿದ್ದು ಅಪಾರ್ಟ್‌ಮೆಂಟಿನ ನಾಲ್ಕನೆಯ ಮಹಡಿಯ ಮನೆ.

ತಂದೆ ಮೂರು ಕಡೆ ದರ ಕೇಳಿದರು. ಒಬ್ಬರು ಮನೆಗೆ ಬಂದು ಪ್ರತಿಯೊಂದು ಕೋಣೆ, ಅಟ್ಟ, ಬಾಲ್ಕನಿ ನೋಡಿ 31,000 ರೂಪಾಯಿ ಎಂದರು. ಇನ್ನೊಬ್ಬರು ವಿಡಿಯೋ ಕರೆಯಲ್ಲಿ ನೋಡಿ 28,000 ಎಂದರು. ಮೂರನೆಯವರು ಏನನ್ನೂ ನೋಡದೆ, 'ಎರಡು ಬೆಡ್‌ರೂಮ್ ತಾನೇ ಸರ್, 14,500 ಕೊಡಿ ಸಾಕು' ಎಂದರು. ಮನೆಯಲ್ಲಿ ಎಲ್ಲರಿಗೂ ಮೂರನೆಯದೇ ಸರಿ ಎನಿಸಿದ್ದು ಸಹಜ. ಆದರೆ ಹುಬ್ಬಳ್ಳಿಯಿಂದ ಬೆಂಗಳೂರಿಗೆ ಸುಮಾರು 400 ಕಿ.ಮೀ. ದಾರಿ. ಡೀಸೆಲ್, ಟೋಲ್, ಚಾಲಕ, ನಾಲ್ವರು ಹಮಾಲರು, ಕಟ್ಟುವ ರಟ್ಟು ಎಲ್ಲವನ್ನೂ ಲೆಕ್ಕ ಹಾಕಿದರೆ ಆ ಹಣಕ್ಕೆ ಕೆಲಸ ಮುಗಿಯುವ ಹಾಗೆ ಕಾಣಲಿಲ್ಲ. ಇಂಥ ಕಡಿಮೆ ದರದ ಗುಟ್ಟು ಸಾಮಾನ್ಯವಾಗಿ ಬಯಲಾಗುವುದು ಸಾಮಾನು ಲಾರಿ ಏರಿದ ಮೇಲೆ. 'ಸಾಮಾನು ಜಾಸ್ತಿ ಆಯ್ತು, ಮಹಡಿಗೆ ಬೇರೆ, ಜಿಎಸ್‌ಟಿ ಬೇರೆ' ಎಂದು ಒಂದೊಂದೇ ಸೇರುತ್ತ ಹೋಗುತ್ತದೆ. ಮನೆಯ ಸಾಮಾನೆಲ್ಲ ಅವರ ಕೈಯಲ್ಲಿರುವಾಗ ಚೌಕಾಸಿ ಮಾಡುವ ಧೈರ್ಯ ಯಾರಿಗಿರುತ್ತದೆ?

ಆದ್ದರಿಂದ ದರ ಬರೆಸಿಕೊಳ್ಳುವಾಗಲೇ ಎಲ್ಲ ವಿವರ ಬರೆಸಿಕೊಳ್ಳಬೇಕು. ಎರಡೂ ಕಡೆಯ ಮಹಡಿ ಎಷ್ಟನೆಯದು, ಲಿಫ್ಟ್ ಇದೆಯೇ, ಲಾರಿ ಗೇಟಿನ ಒಳಗೆ ಬರುತ್ತದೆಯೇ ಅಥವಾ ರಸ್ತೆಯಿಂದ ಹೊತ್ತು ತರಬೇಕೇ, ಮಂಚ ಬಿಚ್ಚಿ ಜೋಡಿಸುವುದು ಯಾರು, ಡಬ್ಬಿ ಬಿಚ್ಚಿಕೊಡುತ್ತಾರೆಯೇ, ತೆರಿಗೆ ಸೇರಿದೆಯೇ. 'ಅದೆಲ್ಲ ಸೇರಿಯೇ ಇದೆ ಸರ್' ಎಂದ ಸೂಪರ್‌ವೈಸರ್‌ಗೆ ತಂದೆ, 'ಸೇರೈತಿ ಅಂದ್ರ ಸಾಲೂದಿಲ್ಲರೀ, ಬರದು ಕೊಡ್ರಿ' ಎಂದದ್ದು ಈ ಇಡೀ ವ್ಯವಹಾರದಲ್ಲೇ ಅತ್ಯಂತ ಉಪಯುಕ್ತವಾದ ಮಾತು.

ಇನ್ನೊಂದು ಪ್ರಶ್ನೆ ಕೇಳಲೇಬೇಕಾದದ್ದು: ಲಾರಿ ನಮ್ಮೊಬ್ಬರಿಗೇ ಬರುತ್ತದೆಯೋ ಅಥವಾ ಎರಡು ಮೂರು ಮನೆಯ ಸಾಮಾನು ಸೇರಿಸಿ ಹಾಕುತ್ತಾರೋ? ಸೇರಿಸಿ ಹಾಕಿದರೆ ಬಾಡಿಗೆ ಕಡಿಮೆ. ಆದರೆ ತಲುಪುವ ದಿನ ಖಚಿತವಿರುವುದಿಲ್ಲ, ದಾರಿಯಲ್ಲಿ ಗೋದಾಮಿನಲ್ಲಿ ಇಳಿಸಿ ಬೇರೆ ಲಾರಿಗೆ ಏರಿಸುವುದೂ ಉಂಟು. ಒಂದು ಮನೆಯ ಡಬ್ಬಿ ಇನ್ನೊಂದು ಮನೆಗೆ ಹೋಗುವುದು ಇಂಥಲ್ಲೇ.

ಸಂಸ್ಥೆ ನಿಜವಾದದ್ದೇ ಎಂದು ನೋಡುವ ಕೆಲಸವನ್ನು ಮನೆಯ ಮಕ್ಕಳಿಗೆ ವಹಿಸಬಹುದು. ಈ ಮನೆಯಲ್ಲಿ ಮಗಳೇ ಮಾಡಿದಳು. ದರಪಟ್ಟಿಯ ಮೇಲಿನ ಜಿಎಸ್‌ಟಿ ಸಂಖ್ಯೆಯಲ್ಲಿ 15 ಅಕ್ಷರ ಮತ್ತು ಅಂಕಿಗಳಿರುತ್ತವೆ. ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು, ಸಂಸ್ಥೆಯ ಪ್ಯಾನ್ ಸಂಖ್ಯೆ. ಇಲಾಖೆಯ ಜಾಲತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಹೆಸರಿನಲ್ಲಿ, ಯಾವ ವಿಳಾಸದಲ್ಲಿ ನೋಂದಣಿಯಾಗಿದೆ, ಇನ್ನೂ ಜಾರಿಯಲ್ಲಿದೆಯೇ ಎಂಬುದು ಕಾಣಿಸುತ್ತದೆ. ಹೆಸರಾಂತ ಸಂಸ್ಥೆಗಳ ಹೆಸರನ್ನೇ ಒಂದೆರಡು ಅಕ್ಷರ ಬದಲಿಸಿ ಇಟ್ಟುಕೊಂಡವರು ಈ ವ್ಯಾಪಾರದಲ್ಲಿ ಬಹಳ. 14,500 ಎಂದವರ ಸಂಖ್ಯೆ ಹಾಕಿದಾಗ ಬಂದದ್ದು ಬೇರೆ ಯಾವುದೋ ರಾಜ್ಯದ ಬೇರೆ ಯಾವುದೋ ಹೆಸರು. ಅಲ್ಲಿಗೆ ಆ ಆಸೆ ಕೈಬಿಟ್ಟರು. ಬ್ಯಾಂಕ್ ನೌಕರರಿಗೆ ಭಾರತೀಯ ಬ್ಯಾಂಕುಗಳ ಸಂಘ ಒಪ್ಪಿದ ಸಾಗಣೆದಾರರ ಪಟ್ಟಿ ಇರುತ್ತದೆ. ಕಾರ್ಡಿನ ಮೇಲೆ ಹಾಗೆಂದು ಅಚ್ಚು ಹಾಕಿಸಿಕೊಂಡವರೆಲ್ಲ ಆ ಪಟ್ಟಿಯಲ್ಲಿರುತ್ತಾರೆಂದು ನಂಬಬೇಕಿಲ್ಲ. ತಂದೆ ಪಟ್ಟಿ ನೋಡಿ, ಮನೆಗೆ ಬಂದು ನೋಡಿಹೋದವರನ್ನೇ ಒಪ್ಪಿದರು.

ಈಗ ಸ್ವಲ್ಪ ಕಾನೂನು. 1865ರ ಹಳೆಯ ಕಾಯಿದೆಯ ಬದಲಿಗೆ ಬಂದ 2007ರ ರಸ್ತೆ ಸಾಗಣೆ ಕಾಯಿದೆಯ ಪ್ರಕಾರ ಬಾಡಿಗೆಗೆ ಸರಕು ಸಾಗಿಸುವವರು ನೋಂದಣಿ ಮಾಡಿಸಿಕೊಂಡಿರಬೇಕು. ಸಾಮಾನು ಹಾಳಾದರೆ ಅಥವಾ ಕಳೆದರೆ ಅವರ ಹೊಣೆ ಎಷ್ಟು? ಮಾಮೂಲಿಯಾಗಿ ಸಾಗಣೆ ಬಾಡಿಗೆಯ ಹತ್ತು ಪಟ್ಟಿನವರೆಗೆ, ಅದೂ ಕಾಗದದಲ್ಲಿ ಘೋಷಿಸಿದ ಸಾಮಾನಿನ ಬೆಲೆಯನ್ನು ಮೀರದಂತೆ. ಹೆಚ್ಚಿನ ದರ ಕೊಟ್ಟು ಹೆಚ್ಚಿನ ಹೊಣೆ ಬರೆಸಿಕೊಳ್ಳಲು ಅವಕಾಶವಿದೆ. ಇದನ್ನು ಸಣ್ಣ ಲೆಕ್ಕವಾಗಿ ಮಾಡಿ ನೋಡಬಹುದು. 31,000ದಲ್ಲಿ ಲಾರಿ ಬಾಡಿಗೆ 18,000, ಕಟ್ಟುವುದಕ್ಕೆ 8,000, ಏರಿಸಿ ಇಳಿಸುವುದಕ್ಕೆ 5,000 ಎಂದಿದ್ದರೆ ಹೊಣೆಯ ಮಿತಿ 1,80,000. ಅದೇ 31,000ವನ್ನು ಬಾಡಿಗೆ 6,000, ಉಳಿದದ್ದೆಲ್ಲ 'ಸೇವೆ' ಎಂದು ಬರೆದರೆ ಮಿತಿ 60,000ಕ್ಕೆ ಇಳಿಯುತ್ತದೆ. ಕೊಡುವ ಹಣ ಒಂದೇ, ಬರೆಯುವ ರೀತಿ ಬೇರೆ. ಸಾಮಾನಿನ ಬೆಲೆ ಬರೆಯುವ ಜಾಗವನ್ನು ಖಾಲಿ ಬಿಟ್ಟು ಸಹಿ ಹಾಕಿದವರ ಕಥೆಯನ್ನಂತೂ ಹೇಳುವುದೇ ಬೇಡ.

ವಿಮೆಯ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಘೋಷಿಸಿದ ಬೆಲೆಗೆ ಶೇಕಡಾ ಇಷ್ಟು ಎಂದು ಹಣ ಪಡೆದು, ರಸೀದಿಯ ಮೂಲೆಯಲ್ಲಿ 'ಇನ್ಶೂರೆನ್ಸ್' ಎಂದು ಗೀಚಿ ಕೊಡುವುದು ವಿಮೆಯಲ್ಲ. ವಿಮಾ ಕಂಪನಿಯ ಹೆಸರು, ಪಾಲಿಸಿ ಸಂಖ್ಯೆ, ಮನೆಯವರ ಹೆಸರು ಇರುವ ಕಾಗದ ಕೈಗೆ ಬಂದರೆ ಮಾತ್ರ ಅದು ವಿಮೆ. ಮನೆಯವರೇ ಕಟ್ಟಿದ ಡಬ್ಬಿಯೊಳಗೆ ಒಡೆದದ್ದಕ್ಕೆ ಸಾಮಾನ್ಯವಾಗಿ ಪರಿಹಾರ ಸಿಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಗಾಜು, ಪಿಂಗಾಣಿ, ಟಿ.ವಿ.ಯನ್ನು ಅವರಿಂದಲೇ ಕಟ್ಟಿಸುವುದು ಲೇಸು.

ಲಾರಿ ಬರುವ ಮೊದಲು ಮುಗಿಸಬೇಕಾದ ಕೆಲಸಗಳಲ್ಲಿ ಪೋಷಕರು ಹೆಚ್ಚಾಗಿ ಮರೆಯುವುದು ಶಾಲೆಯದು. ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ಎಂಟನೆಯ ತರಗತಿಯವರೆಗಿನ ಮಗು ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ವರ್ಗಾವಣೆ ಕೇಳಿದರೆ ಮುಖ್ಯೋಪಾಧ್ಯಾಯರು ತಕ್ಷಣ ವರ್ಗಾವಣೆ ಪತ್ರ ಕೊಡಬೇಕು; ಅದು ತಡವಾಯಿತೆಂದು ಹೊಸ ಶಾಲೆಯವರು ಪ್ರವೇಶ ನಿರಾಕರಿಸುವಂತಿಲ್ಲ. ಹಾಗಿದ್ದರೂ ಮಗನ ಪತ್ರವನ್ನು, ಅದರಲ್ಲಿ ಸ್ಯಾಟ್ಸ್ ಸಂಖ್ಯೆ, ಹೆಸರಿನ ಕಾಗುಣಿತ, ಹುಟ್ಟಿದ ದಿನಾಂಕ ಸರಿಯಾಗಿದೆಯೇ ಎಂದು ನೋಡಿ ಪಡೆದುಕೊಂಡರು. ಒಂದು ಅಕ್ಷರ ತಪ್ಪಿದ್ದರೂ ತಿದ್ದಿಸಲು ಮತ್ತೆ ಹುಬ್ಬಳ್ಳಿಗೇ ಬರಬೇಕಲ್ಲ!

ಮಗಳ ವಿಷಯ ಇನ್ನೂ ದೊಡ್ಡದು. ಎರಡು ವರ್ಷದ ನಂತರ ಅವಳು ಸಿಇಟಿ ಬರೆಯುವವಳು. ಅಲ್ಲಿ ರಾಜ್ಯದ ಅಭ್ಯರ್ಥಿಯೆಂದು ಅರ್ಹತೆ ತೋರಿಸುವ ಮುಖ್ಯ ದಾರಿ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರುವುದು. ಕನ್ನಡ ಮಾಧ್ಯಮದ ಮೀಸಲಾತಿ ಬೇಕೆಂದರೆ ಒಂದರಿಂದ ಹತ್ತನೆಯ ತರಗತಿಯವರೆಗೂ ಕನ್ನಡದಲ್ಲೇ ಓದಿದ್ದಕ್ಕೆ ದಾಖಲೆ ಬೇಕು. ಓದಿದ ಶಾಲೆಯ ವ್ಯಾಸಂಗ ಪ್ರಮಾಣಪತ್ರ, ಅದರ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ. ಊರಲ್ಲೇ ಇರುವಾಗ ಒಂದೆರಡು ಸಲ ಕಚೇರಿಗೆ ಹೋಗಿಬಂದರೆ ಆಗುವ ಕೆಲಸ, ಊರು ಬಿಟ್ಟ ಮೇಲೆ ರಜೆ ಹಾಕಿ, ರೈಲು ಹತ್ತಿ ಮಾಡಿಸುವಂತಾಗುತ್ತದೆ. ಪ್ರಾಥಮಿಕ ಶಾಲೆ ಒಂದು, ಪ್ರೌಢಶಾಲೆ ಇನ್ನೊಂದು ಆಗಿದ್ದರೆ ಎರಡೂ ಕಡೆ ಹೋಗಬೇಕು. ತಾಯಿ ಒಂದು ವಾರ ಇದಕ್ಕೇ ಓಡಾಡಿದರು. ಮನೆಯವರೆಲ್ಲ ಡಬ್ಬಿ, ಟೇಪು ಎನ್ನುತ್ತಿರುವಾಗ ಈ ಓಡಾಟ ಯಾರ ಕಣ್ಣಿಗೂ ದೊಡ್ಡದಾಗಿ ಕಾಣಲಿಲ್ಲ.

ಅಂಕಪಟ್ಟಿಗಳು ಡಿಜಿಲಾಕರ್‌ನಲ್ಲಿ ಸಿಗುತ್ತವೆ, 2016ರ ನಿಯಮದಂತೆ ಅವಕ್ಕೆ ಮೂಲ ಪ್ರತಿಯಷ್ಟೇ ಮಾನ್ಯತೆಯೂ ಇದೆ. ಆದರೆ ಈ ಮಾನ್ಯತೆ ಮಂಡಳಿಯೇ ಹಾಕಿದ ದಾಖಲೆಗೆ ಮಾತ್ರ. ಫೋನಿನಲ್ಲಿ ಚಿತ್ರ ತೆಗೆದು ತಾವೇ ಸೇರಿಸಿಕೊಂಡದ್ದಕ್ಕಲ್ಲ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಅಡುಗೆ ಅನಿಲದ ಸಿಲಿಂಡರನ್ನು ಸಾಮಾನಿನ ಲಾರಿಯಲ್ಲಿ ಕಳಿಸಬಾರದು. ಬೇರೆ ಊರಿಗೆ ಹೋಗುವಾಗ ಸಿಲಿಂಡರ್ ಮತ್ತು ರೆಗ್ಯುಲೇಟರ್ ಮರಳಿಸಿ, ಠೇವಣಿ ವಾಪಸು ಪಡೆದು, ವರ್ಗಾವಣೆ ಚೀಟಿ ತೆಗೆದುಕೊಳ್ಳಬೇಕು. ಹೊಸ ಊರಿನಲ್ಲಿ ಅದನ್ನು ತೋರಿಸಿ ಠೇವಣಿ ಕಟ್ಟಿದರೆ ಸಂಪರ್ಕ ಮುಂದುವರಿಯುತ್ತದೆ. ಹೆಸ್ಕಾಂ ಮೀಟರಿನ ಕೊನೆಯ ಅಂಕಿಯ ಚಿತ್ರ, ಹೊಸ ಮನೆಯ ಬೆಸ್ಕಾಂ ಮೀಟರಿನ ಮೊದಲ ಅಂಕಿಯ ಚಿತ್ರ, ಎರಡೂ ತೆಗೆದಿಟ್ಟುಕೊಂಡರೆ ಮುಂದೆ ಯಾರ ಬಿಲ್ಲು ಯಾರು ಕಟ್ಟಬೇಕೆಂಬ ಜಗಳವಿಲ್ಲ. ಸ್ಕೂಟರಿನ ಪೆಟ್ರೋಲ್ ಖಾಲಿ ಮಾಡಿ, ನೋಂದಣಿ ಮತ್ತು ವಿಮೆಯ ಪ್ರತಿ ಕೊಟ್ಟು, ಎಷ್ಟು ಕಿ.ಮೀ. ಓಡಿದೆಯೆಂಬುದರ ಚಿತ್ರ ತೆಗೆದು ಕಳಿಸಬೇಕು. ರಾಜ್ಯದೊಳಗೇ ಹೋಗುವವರಿಗೆ ವಿಳಾಸ ಬದಲಾವಣೆ ಸಾಕು. ಬೇರೆ ರಾಜ್ಯಕ್ಕೆ ಹೋಗಿ 12 ತಿಂಗಳು ಮೀರಿ ಓಡಿಸುವವರು ಮರುನೋಂದಣಿ ಮಾಡಿಸಬೇಕು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಒಣಗಿಸಬೇಕು.

ಅಪಾರ್ಟ್‌ಮೆಂಟಿನ ಸಂಘಕ್ಕೆ ಮೊದಲೇ ತಿಳಿಸುವುದನ್ನು ಮರೆತರೆ ಲಾರಿ ಗೇಟಿನಲ್ಲೇ ನಿಲ್ಲುತ್ತದೆ. ಅನೇಕ ಕಡೆ ಭಾನುವಾರ ಸಾಮಾನು ಸಾಗಿಸಲು ಬಿಡುವುದಿಲ್ಲ, ಸಂಜೆಯ ಮೇಲೆ ಲಿಫ್ಟ್ ಕೊಡುವುದಿಲ್ಲ, ಮನೆ ಮಾಲೀಕರ ಒಪ್ಪಿಗೆ ಪತ್ರವಿಲ್ಲದೆ ಒಳಗೇ ಬಿಡುವುದಿಲ್ಲ. ಬೆಂಗಳೂರಿನಲ್ಲಿ ದೊಡ್ಡ ಲಾರಿಗಳಿಗೆ ಹಗಲಿನ ಕೆಲವು ಹೊತ್ತು ಸಂಚಾರ ನಿರ್ಬಂಧವೂ ಇದೆ. ಮಗಳು ಇದನ್ನೆಲ್ಲ ಫೋನು ಮಾಡಿ ಕೇಳಿ, ಸಾಗಣೆದಾರರಿಗೆ ಹೊತ್ತು ಹೇಳಿದಳು.

ಕಟ್ಟುವ ದಿನ ಬೆಳಿಗ್ಗೆ ಐದು ಜನ ಬಂದರು. ಅವರ ಕೈ ಎಷ್ಟು ಚುರುಕೆಂದರೆ, ನೋಡುತ್ತ ನಿಂತವರನ್ನೂ ಕಟ್ಟಿ ಲಾರಿಗೆ ಹಾಕುತ್ತಾರೇನೋ ಎನಿಸಬೇಕು. ಕಸದ ಬುಟ್ಟಿಯನ್ನು ಕಸದ ಸಮೇತ ಕಟ್ಟಿ ತಂದ ಉದಾಹರಣೆಗಳು ಬೇಕಾದಷ್ಟಿವೆ. ತಟ್ಟೆಗಳನ್ನು ಒಂದರ ಮೇಲೊಂದು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ ಇಡುತ್ತಾರೆ. ಹಾಗಿಟ್ಟರೆ ಒಡೆಯುವುದು ಕಡಿಮೆ. ಪುಸ್ತಕಕ್ಕೆ ಸಣ್ಣ ಡಬ್ಬಿ, ದಿಂಬು ಹಾಸಿಗೆಗೆ ದೊಡ್ಡ ಡಬ್ಬಿ. ಹಳೆಯ ಪತ್ರಿಕೆ ಸುತ್ತಲು ಒಳ್ಳೆಯದೇ, ಆದರೆ ಬಿಳಿ ಬಟ್ಟೆಗೆ ಸುತ್ತಿದರೆ ಮಸಿ ಹತ್ತುತ್ತದೆ.

ಅಜ್ಜಿ ಒಳ್ಳಿನ ಪಕ್ಕ ಕುಳಿತುಬಿಟ್ಟಿದ್ದರು. 'ಇದನ್ನ ಬಿಟ್ಟು ನಾ ಬರಂಗಿಲ್ಲ ನೋಡಪ್ಪಾ.' 'ಅವ್ವಾ, ನಾಲ್ಕನೇ ಮಹಡಿ ಐತಿ ಅಲ್ಲೆ, ರುಬ್ಬಿದ್ರ ಕೆಳಗಿನ ಮನಿಯವರು ಜಗಳಕ್ಕ ಬರ್ತಾರ.' 'ರುಬ್ಬೂದಿಲ್ಲ, ಇಟಗೊಂಡಿರ್ತೇನಿ.' ಒಳ್ಳು ಪಟ್ಟಿಗೆ ಸೇರಿತು.

ಪಟ್ಟಿ ಬರೆಯುವ ಕೆಲಸ ಮಗನದು. ಈ ಕೆಲಸಕ್ಕೆ ದೊಡ್ಡವರಿಗಿಂತ ಹನ್ನೊಂದು ಹನ್ನೆರಡು ವರ್ಷದ ಮಕ್ಕಳೇ ಮೇಲು. ಅವರಿಗೆ ಸಂಖ್ಯೆ ತಪ್ಪಿದರೆ ಸಮಾಧಾನವಿರುವುದಿಲ್ಲ. ಸಂಸ್ಥೆಯವರ ಪಟ್ಟಿಯಲ್ಲಿ 'ಡಬ್ಬಿ – 38' ಎಂದಷ್ಟೇ ಇತ್ತು. ಮಗ ತನ್ನ ನೋಟ್‌ಬುಕ್ಕಿನಲ್ಲಿ ಒಂದೊಂದಕ್ಕೂ ಸಂಖ್ಯೆ ಕೊಟ್ಟು, ಒಳಗೇನಿದೆಯೆಂದು ಬರೆದು, ಡಬ್ಬಿಯ ಮೇಲೂ ಎರಡು ಬದಿಗೆ ದಪ್ಪ ಪೆನ್ನಿನಲ್ಲಿ ಬರೆದ. ಬೀರುವಿನ ಬಾಗಿಲ ಗೀರು, ಮೇಜಿನ ಮುರಿದ ಮೂಲೆ ಇವೂ ಪಟ್ಟಿಗೆ ಬಂದವು. ಮೊದಲೇ ಇದ್ದ ಗೀರು ಮತ್ತು ದಾರಿಯಲ್ಲಾದ ಗೀರು ಇಳಿಸಿದ ಮೇಲೆ ಒಂದೇ ಥರ ಕಾಣುತ್ತವೆ.

ಮಧ್ಯಾಹ್ನ ಎರಡು ಗಂಟೆಗೆ ಮಗಳು ಒಮ್ಮೆಲೇ, 'ಅಮ್ಮಾ, ನನ್ನ ನೀಲಿ ಫೈಲ್ ಎಲ್ಲಿ?' ಎಂದಳು. ಕಪಾಟಿನ ಮೇಲಿಟ್ಟಿದ್ದ ಫೈಲು. ಕಪಾಟು ಖಾಲಿಯಾಗಿತ್ತು. ಅದರೊಳಗೆ ಅಂಕಪಟ್ಟಿ, ವರ್ಗಾವಣೆ ಪತ್ರ, ತಾಯಿ ಒಂದು ವಾರ ಅಲೆದು ತಂದ ವ್ಯಾಸಂಗ ಪತ್ರಗಳು. ಕಟ್ಟುವವರ ತಪ್ಪೇನೂ ಇರಲಿಲ್ಲ; ಕಪಾಟಿನಲ್ಲಿದ್ದದ್ದೆಲ್ಲ ಕಟ್ಟಿ ಎಂದವರು ಮನೆಯವರೇ. ಅಷ್ಟರಲ್ಲಿ ಅರ್ಧ ಡಬ್ಬಿಗಳು ಲಾರಿ ಏರಿದ್ದವು. ಮಗ ನೋಟ್‌ಬುಕ್ ತೆರೆದು, ಆ ಕಪಾಟಿನ ಸಾಮಾನು 12, 13 ಮತ್ತು 15ರಲ್ಲಿದೆ ಎಂದ. ಮೂರು ಡಬ್ಬಿ ಕೆಳಗಿಳಿಸಿ ಬಿಚ್ಚಿದಾಗ ಫೈಲು ಸಿಕ್ಕಿದ್ದು 15ರಲ್ಲಿ, ಹಳೆಯ ಗೈಡುಗಳ ನಡುವೆ. ಪಟ್ಟಿ ಇಲ್ಲದಿದ್ದರೆ 38 ಡಬ್ಬಿಯನ್ನೂ ಬಿಚ್ಚಬೇಕಾಗುತ್ತಿತ್ತು. ಆಮೇಲೆ ಆ ಫೈಲನ್ನು ಅಜ್ಜಿಯ ಕೈಚೀಲಕ್ಕೆ ಹಾಕಿದರು. ಒಡವೆ, ನಗದು, ಬ್ಯಾಂಕ್ ಪುಸ್ತಕ, ಔಷಧಿ, ಮಕ್ಕಳ ದಾಖಲೆ ಇವು ಲಾರಿಯಲ್ಲಿ ಹೋಗುವ ಸಾಮಾನಲ್ಲ. ಕಟ್ಟುವವರು ಬರುವ ಹಿಂದಿನ ರಾತ್ರಿಯೇ ಆ ಚೀಲವನ್ನು ತುಂಬಿ ಪಕ್ಕದ ಮನೆಯಲ್ಲಿಟ್ಟಿದ್ದರೆ ಈ ಗಾಬರಿಯೂ ಇರುತ್ತಿರಲಿಲ್ಲ.

ಕೊನೆಯದಾಗಿ ಕಟ್ಟಿದ 38ನೆಯ ಡಬ್ಬಿಯಲ್ಲಿ ಇಂಡಕ್ಷನ್ ಒಲೆ, ಒಂದು ಪಾತ್ರೆ, ಸಕ್ಕರೆ, ಚಹಾಪುಡಿ, ಬಲ್ಬು, ಕತ್ತರಿ, ಬಕೆಟ್ಟು, ಒಂದು ದಿನದ ಬಟ್ಟೆ. ಕೊನೆಗೆ ಏರಿದ್ದು ಮೊದಲು ಇಳಿಯುತ್ತದೆ. ಲಾರಿ ಬಾಗಿಲು ಮುಚ್ಚುವ ಮೊದಲು ಚಾಲಕನಿಂದ ಎರಡೂ ಪಟ್ಟಿಗೆ ಸಹಿ, ಲಾರಿಯ ಸಂಖ್ಯೆ ಕಾಣುವಂತೆ ಒಂದು ಚಿತ್ರ, ಚಾಲಕನ ಫೋನ್ ಸಂಖ್ಯೆ. ಮುಂಗಡವಾಗಿ ಒಂದು ಭಾಗ ಮಾತ್ರ ಕೊಟ್ಟಿದ್ದರು, ಅದೂ ಸಂಸ್ಥೆಯ ಖಾತೆಗೆ. 'ನನ್ನ ನಂಬರಿಗೇ ಹಾಕಿ ಸರ್' ಎಂದ ಹುಡುಗನ ಮಾತು ಕೇಳಲಿಲ್ಲ.

ಮರುದಿನ ಬೆಂಗಳೂರಿನಲ್ಲಿ ಇಂಡಕ್ಷನ್ ಒಲೆಯ ಮೇಲೆ ಹಾಲು ಉಕ್ಕಿತು. ಮಗ ಬಾಗಿಲಲ್ಲಿ ನಿಂತು ಒಂದೊಂದೇ ಸಂಖ್ಯೆಗೆ ಗುರುತು ಹಾಕಿದ. ಎಲ್ಲ ಮುಗಿದಾಗ 23 ಉಳಿದಿತ್ತು. ಲಾರಿಯಲ್ಲಿ ದಾವಣಗೆರೆಯವರೊಬ್ಬರ ಸಾಮಾನನ್ನೂ ಏರಿಸಿಕೊಂಡು ಬಂದಿದ್ದರೆಂಬುದು ಆಗ ತಿಳಿಯಿತು. ಲಾರಿ ನಿಮ್ಮೊಬ್ಬರಿಗೇ ಎಂದು ಬರೆದುಕೊಟ್ಟಿದ್ದ ಕಾಗದ ತಂದೆಯ ಕೈಯಲ್ಲಿತ್ತು. 'ಎಲ್ಲ ಬಂದಿದೆ' ಎಂಬ ಕಡೆ ಸಹಿ ಕೇಳಿದ ಹುಡುಗನಿಗೆ ಅವರು ಸಹಿ ಹಾಕಿಯೇ ಕೊಟ್ಟರು, ಆದರೆ ಪಕ್ಕದಲ್ಲಿ 'ಡಬ್ಬಿ 23 ಬಂದಿಲ್ಲ, ಟಿ.ವಿ. ಪರೀಕ್ಷಿಸಿಲ್ಲ' ಎಂದು ಬರೆದು. ಇಂಥ ಒಂದು ಸಾಲು ಇಲ್ಲದೆ ಸಹಿ ಹಾಕಿದವರು ಮುಂದೆ ಏನು ಹೇಳಿದರೂ ನಡೆಯುವುದು ಕಷ್ಟ.

ಬಗೆಹರಿಯದಿದ್ದರೆ ಏನು ಮಾಡಬೇಕಿತ್ತು? ಸಾಮಾನು ಒಪ್ಪಿಸಿದ ದಿನದಿಂದ 180 ದಿನದೊಳಗೆ ಸಾಗಣೆದಾರರಿಗೆ ಲಿಖಿತ ನೋಟಿಸ್ ಕೊಡಬೇಕು. ಕೊಡದಿದ್ದರೆ ಸಾಗಣೆ ಕಾಯಿದೆಯಡಿ ದಾವೆ ಹೂಡಲು ಬರುವುದಿಲ್ಲ. ಗ್ರಾಹಕರ ಸಹಾಯವಾಣಿಯ ಸಂಖ್ಯೆ 1915. ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ, ತಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಹೆಚ್ಚು ಹಣ ಕೊಡದೆ ಸಾಮಾನು ಇಳಿಸುವುದಿಲ್ಲ ಎಂದು ಲಾರಿ ತಡೆದು ನಿಲ್ಲಿಸಿದರೆ ಕಾಯದೆ 112ಕ್ಕೆ ಫೋನು ಮಾಡಬೇಕು, ದರಪಟ್ಟಿಯನ್ನು ಕೈಯಲ್ಲಿ ಹಿಡಿದು.

ಈ ಮನೆಯಲ್ಲಿ ಅಷ್ಟು ದೂರ ಹೋಗಬೇಕಾಗಲಿಲ್ಲ. ಬಾಕಿ ಹಣ ಇನ್ನೂ ಮನೆಯವರ ಬಳಿಯೇ ಇದ್ದುದರಿಂದ ಸಂಸ್ಥೆಯವರೇ ಎರಡು ಸಲ ಫೋನು ಮಾಡಿದರು. ನಾಲ್ಕನೆಯ ದಿನ 23 ಬಂತು. ಮಗ ಟೇಪು ಕತ್ತರಿಸಿ ನೋಟ್‌ಬುಕ್ ಹಿಡಿದು ನೋಡಿದ: ಅಜ್ಜಿಯ ಭರಣಿ ಮೂರು, ಹಪ್ಪಳದ ಡಬ್ಬ ಒಂದು, ಶ್ಯಾವಿಗೆ ಮಣೆ ಒಂದು. ಒಂದು ಭರಣಿಯ ಮುಚ್ಚಳ ಒಡೆದಿತ್ತು. ಅದನ್ನೂ ಬರೆದು, ಕೆಳಗೆ ತಾರೀಖು ಹಾಕಿ, ತಂದವನ ಮುಂದೆ ಸಹಿಗೆ ಹಿಡಿದ.